ನೆಲದ ಮೇಲೆ ಹರಡಿದ ದಾರಿ

ನನಗೆ ಯಾರನ್ನೂ ಹೊಗಳುವ ಅಭ್ಯಾಸವಿಲ್ಲ. ಬೇಕಿದ್ದರೆ ನನ್ನ ಗಂಡನನ್ನು ಕೇಳಿ. ಮದುವೆಯಾಗಿ ಮೂವತ್ತೆಂಟು ವರ್ಷವಾದರೂ ತನ್ನ ಬಗ್ಗೆ ಒಂದು ಒಳ್ಳೆಯ ಮಾತು ಈ ಪುತಿತ್‌ಳ ಬಾಯಿಂದ ಉದುರಿಲ್ಲ ಎಂದು ಅವನು ಊರೆಲ್ಲ ಹೇಳಿಕೊಂಡು ತಿರುಗುತ್ತಾನೆ. ಅದು ನಿಜವೇ. ಆದರೆ ನನ್ನ ವಾರಗಿತ್ತಿ ಕುನ್ಜೆಸ್ ಅಕ್ಕನ ವಿಷಯ ಬೇರೆ. ಅವಳ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು, ಸಿಟ್ಟಿತ್ತು, ಒಂದೇ ಒಲೆಯ ಮುಂದೆ ಮೂರು ದಿನ ಮಾತು ಬಿಟ್ಟು ಕೂತದ್ದೂ ಉಂಟು. ಇಷ್ಟೆಲ್ಲ ಇದ್ದವಳೇ ಹೇಳುತ್ತಿದ್ದೇನೆ ಎಂದ ಮೇಲೆ ನೀವು ನಂಬಬಹುದು.

ಝಾನ್ಸ್ಕರಿನ ನಮ್ಮ ಕಣಿವೆಯಲ್ಲಿ ಲುಂಗ್ಮರ್ ಕೊನೆಯ ಊರು, ಲುಂಗ್ಮರಿನಲ್ಲಿ ನಮ್ಮದು ಕೊನೆಯ ಮನೆ. ಬೆರಣಿ ಒಟ್ಟಿದ ಹಿತ್ತಲಗೋಡೆ ದಾಟಿದರೆ ಮುಂದೆ ಮನೆಯಿಲ್ಲ, ಯುರ್ಮೊ ಲಾಗೆ ಹೋಗುವ ದಾರಿ ಮಾತ್ರ. ಬೆಟ್ಟದ ಸಾಲಿನಲ್ಲಿ ಆಚೆಗೆ ದಾಟುವ ಎತ್ತರದ ಕಿಂಡಿಗೆ ನಾವು ಲಾ ಎನ್ನುವುದು. ಅದನ್ನು ನೋಡಲು ಯಾವ ದೇಶದವರು ಬಂದರೂ ನಮ್ಮ ಬಾಗಿಲ ಮುಂದೆಯೇ ಹೋಗಬೇಕು, ಹೋಗುವ ಮುಂಚೆ ಅಕ್ಕನ ಅಡುಗೆಮನೆಯಲ್ಲಿ ಕೂರಬೇಕು. ಹಾಗೆಂದು ಯಾರೂ ಬೋರ್ಡು ಬರೆದು ಹಾಕಿರಲಿಲ್ಲ. ಆದರೂ ಪದುಮ್ ಪೇಟೆಯಿಂದ ಬರುವ ಗೈಡುಗಳೂ ಅವಳು ಹೇಳಿದ್ದನ್ನು ಕೇಳಿಸಿಕೊಂಡೇ ಮುಂದೆ ಹೆಜ್ಜೆ ಇಡುತ್ತಿದ್ದರು.

ಬಂದವರು ನಕ್ಷೆ ಬಿಚ್ಚುತ್ತಿದ್ದರು. ಕೈಗಡಿಯಾರ ಒತ್ತಿ ಎಷ್ಟು ಎತ್ತರ, ಎಷ್ಟು ಗಂಟೆ ಎಂದು ಲೆಕ್ಕ ಒಪ್ಪಿಸುತ್ತಿದ್ದರು. ಅಕ್ಕ ಅದರತ್ತ ಕಣ್ಣು ಕೂಡ ಹಾಯಿಸುತ್ತಿರಲಿಲ್ಲ. ಮೊದಲು ಅವರ ಬೂಟು ನೋಡುತ್ತಿದ್ದಳು. ಆಮೇಲೆ ಮಾಳಿಗೆಯ ಏಣಿ ತೋರಿಸಿ, ಹತ್ತಿ ಇಳಿದು ಬನ್ನಿ ಎನ್ನುತ್ತಿದ್ದಳು. ಇಳಿದು ಬಂದ ತಕ್ಷಣ, ಉಸಿರು ತಿರುಗಿಸಿಕೊಳ್ಳಲೂ ಬಿಡದೆ, ನಿಮ್ಮ ಮನೆಯಲ್ಲಿ ಯಾರು ಯಾರು ಇದ್ದಾರೆ ಹೇಳಿ ಎಂದು ಕೇಳುತ್ತಿದ್ದಳು. ಒಂದೇ ಉಸಿರಿನಲ್ಲಿ ಅಪ್ಪ, ಅಮ್ಮ, ಹೆಂಡತಿ, ಮಕ್ಕಳ ಹೆಸರು ಮುಗಿಸಿದವರಿಗೆ ಲಾ ಹತ್ತುವುದಕ್ಕೆ ದಾರಿಯಲ್ಲಿ ಮೂರು ರಾತ್ರಿ. ಹೆಂಡತಿಯ ಹೆಸರಿಗೇ ಏದುಸಿರು ಬಿಟ್ಟವರಿಗೆ ನಾಲ್ಕು.

ಒಂದು ವರ್ಷ ಕಂಬದ ಹಾಗಿದ್ದ ಒಬ್ಬ ಬಂದಿದ್ದ. ಅವನ ಗೈಡು ನಮ್ಮೂರಿನವನೇ.

"ಇವನಿಗೆ ನಾಲ್ಕು ರಾತ್ರಿ ಇಡು," ಅಂದಳು ಅಕ್ಕ.

"ಅಬಿ, ಇವನು ಅವರ ದೇಶದಲ್ಲಿ ಓಟದ ಪಂದ್ಯ ಗೆದ್ದೋನು!" ಅಬಿ ಎಂದರೆ ಅಜ್ಜಿ. ಊರಿನ ಹುಡುಗರಿಗೆಲ್ಲ ಅವಳು ಅಬಿ.

"ಅದಕ್ಕೇ ಹೇಳ್ತಿರೋದು. ಓಡೋನಿಗೇ ಮೊದಲು ತಲೆ ಸಿಡಿಯೋದು. ಕುಂಟೋನಿಗೆ ಏನೂ ಆಗಲ್ಲ."

ಮೂರನೇ ದಿನ ಆ ಕಂಬವನ್ನು ಕುದುರೆಯ ಮೇಲೆ ಗೋಣಿಚೀಲದ ಹಾಗೆ ಹಾಕಿಕೊಂಡು ಇಳಿಸಿ ತಂದರು. ಅಕ್ಕ ಒಂದು ಮಾತೂ ಆಡದೆ ಅವನಿಗೆ ಬೆಳ್ಳುಳ್ಳಿ ಸಾರು ಕುಡಿಸಿದಳು. ನಾನಾಗಿದ್ದರೆ ನಾಲ್ಕು ಮಾತು ಆಡುತ್ತಿದ್ದೆ.

ಏಣಿಯ ಪರೀಕ್ಷೆಯಾದ ಮೇಲೆ ಅವಳು ದಾರಿಯನ್ನು ನೆಲದ ಮೇಲೆ ಹರಡುತ್ತಿದ್ದಳು. ಬೆರಣಿಯ ಒಂದು ತುಂಡು ನೆಟ್ಟಗೆ ನಿಲ್ಲಿಸಿದರೆ ಅದು ಲಾ. ಅಡ್ಡ ಇಟ್ಟ ಸೌಟು ಹೊಳೆ. ಏಪ್ರಿಕಾಟ್ ಬೀಜಗಳು ರಾತ್ರಿ ತಂಗುವ ಜಾಗಗಳು. ಉಪ್ಪಿನ ಹರಳು ಹಿಮದ ಬಯಲು. ಆಮೇಲೆ ಒಂದೊಂದು ಬೀಜದ ಮೇಲೂ ಬೆರಳಿಟ್ಟು ಹೇಳುವಳು: "ಇಲ್ಲಿ ಡೇರೆ ಬಾಗಿಲು ಕೆಳಗಡೆಗೆ ಇರ್ಲಿ, ಗಾಳಿ ಮೇಲಿಂದ ಬರುತ್ತೆ. ಇಲ್ಲಿ ನೀರು ಕುಡೀಬೇಡಿ, ಹೊಟ್ಟೆ ಉಬ್ಬರಿಸುತ್ತೆ. ಇಲ್ಲಿ ಬಲಗಡೆ ಬಂಡೆ ಹಿಂದೆ ಹೊಸ್ತಿಲಷ್ಟು ಜಾಗ ಇದೆ, ಮಳೆ ಬಂದ್ರೆ ಇಬ್ಬರು ಕೂರ್ಬಹುದು." ಇಬ್ಬರು ಎಂದರೆ ಇಬ್ಬರೇ. ಮೂರನೆಯವನ ಮೊಣಕಾಲು ನೆನೆಯುತ್ತಿತ್ತು.

ಇಷ್ಟೆಲ್ಲ ಅವಳಿಗೆ ಹೇಗೆ ಗೊತ್ತು ಎಂದು ನಾವ್ಯಾರೂ ಯೋಚಿಸಿದವರಲ್ಲ. ಮೇಲಿಂದ ಯಾರೇ ಇಳಿದು ಬರಲಿ, ಉಪ್ಪು ಬೆಣ್ಣೆಯ ಚಹಾ ಕೊಟ್ಟು ಕೂರಿಸಿ ಅವಳು ವಿಚಾರಣೆ ಶುರುಮಾಡುವುದನ್ನು ನಾವು ದಿನವೂ ನೋಡುತ್ತಿದ್ದೆವು. ಗಾಳಿ ಯಾವ ಕಿವಿಗೆ ಬಡಿಯಿತು? ಕಾಲಡಿಯ ಹಿಮ ಸಕ್ಕರೆಯ ಹಾಗಿತ್ತೋ ಮೊಸರಿನ ಹಾಗಿತ್ತೋ? ಮೊದಲ ಸಲ ಎಲ್ಲಿ ಕೂರಬೇಕು ಅನ್ನಿಸಿತು? ಅವಳ ಗಂಡ ಮುತುಪ್ ಭಾವ ನಮ್ಮ ಕಣಿವೆಯ ಹಳೆಯ ಗೈಡು. ಅವನು ಮನೆಗೆ ಬಂದರೂ ಇದೇ ಪಾಡು. ದಾರಿಯೆಲ್ಲ ಒಪ್ಪಿಸುವವರೆಗೆ ಬಟ್ಟಲಿಗೆ ತುಕ್ಪಾ ಬೀಳುತ್ತಿರಲಿಲ್ಲ. ನಾನೂ ಬೇಸಗೆಯಲ್ಲಿ ಯಾಕ್ ಮತ್ತು ಹಸುವಿನ ಬೆರಕೆಯಾದ ಝೋಗಳನ್ನು ಹೊಡೆದುಕೊಂಡು ಲಾದ ಆಚೆಯ ಹುಲ್ಲುಗಾವಲಿಗೆ ಹೋಗಿ ಬರುತ್ತಿದ್ದೆ. ಹನ್ನೊಂದು ಸಲ ದಾಟಿದ್ದೇನೆ. ಬಂದ ಮೇಲೆ ಅವಳು ಕೇಳಿದ್ದಕ್ಕೆಲ್ಲ, "ಕಲ್ಲಿತ್ತು, ಹಿಮ ಇತ್ತು, ಇನ್ನೇನು ಇರುತ್ತೆ?" ಎಂದು ಮುಖ ತಿರುಗಿಸುತ್ತಿದ್ದೆ. ಅವಳು ಬಿಡುತ್ತಿರಲಿಲ್ಲ. ಕೊನೆಗೆ ನನ್ನಿಂದಲೂ ಹಿಂಡಿ ತೆಗೆಯುತ್ತಿದ್ದಳು.

ಹೀಗೆ ನಲವತ್ತು ವರ್ಷ. ಆಮೇಲೆ ಆ ಚೆಕ್ ದೇಶದ ಮೂವರು ಬಂದರು.

ಬಾರ್ಲಿ ಕೊಯ್ಲಿಗೆ ಇನ್ನು ಇಪ್ಪತ್ತು ದಿನವಿದ್ದಾಗ ಬಂದರು. ಗಂಡ, ಹೆಂಡತಿ, ಹೆಂಡತಿಯ ತಮ್ಮ. ಕರೆತಂದವನು ಲುನ್ದುಪ್ ಎಂಬ ಪದುಮ್ ಕಡೆಯ ಗೈಡು. ಒಳ್ಳೆಯವನು, ಬುದ್ಧಿವಂತ, ಆದರೆ ನಮ್ಮ ದಾರಿಗೆ ಹೊಸಬ. ಮುತುಪ್ ಭಾವ ತೀರಿಕೊಂಡು ಅಷ್ಟು ಹೊತ್ತಿಗೆ ಎರಡು ವರ್ಷವಾಗಿತ್ತು. ಊರಿನ ಬೇರೆ ಗೈಡುಗಳೆಲ್ಲ ಆ ವಾರ ಬೇರೆ ಬೇರೆ ಕಡೆ ಹೋಗಿದ್ದರು. ಅಕ್ಕ ಎಂದಿನಂತೆ ಬೀಜ ಹರಡಿದಳು. ಸೌಟಿನ ಮೇಲೆ ಬೆರಳಿಟ್ಟು ಎಂದಿನ ಮಾತೇ ಹೇಳಿದಳು: "ಹೊಳೆ ಮೇಲೆ ನಿಂತಿರೋ ಕೆಂಬಂಡೆಗೆ ಬಿಸಿಲು ತಾಗೋಕ್ಕೆ ಮುಂಚೆ ದಾಟಿಬಿಡಿ. ಆಮೇಲೆ ಹಿಮ ಕರಗಿ ನೀರು ಏರುತ್ತೆ." ಲುನ್ದುಪ್ ಅದನ್ನು ಪುಸ್ತಕದಲ್ಲಿ ಬರೆದುಕೊಂಡ. ಬೇರೆ ಯಾರೂ ಬರೆದುಕೊಂಡವರಿರಲಿಲ್ಲ.

ನಾಲ್ಕನೇ ದಿನ ಅವರು ವಾಪಸು ಬಂದರು. ಹೆಂಡತಿಯ ತಮ್ಮನ ಕಾಲಲ್ಲಿ ಬೂಟಿರಲಿಲ್ಲ, ಪಾದಗಳಿಗೆ ಅಂಗಿ ಹರಿದು ಸುತ್ತಿದ್ದರು. ತುಟಿ ನೀಲಿ ತಿರುಗಿತ್ತು. ಡೇರೆ, ಹಿಟ್ಟು, ಸೀಮೆಎಣ್ಣೆ ಹೊತ್ತಿದ್ದ ಮೂಟೆಯನ್ನು ಹೊಳೆ ಎತ್ತಿಕೊಂಡು ಹೋಗಿತ್ತು. ಹೊಳೆಯ ನಡುವಿನ ಜಲ್ಲಿ ದಿಬ್ಬದ ಮೇಲೆ ಒಂದು ಹಗಲು ಒಂದು ರಾತ್ರಿ ಸಿಕ್ಕಿಬಿದ್ದು, ಮರುದಿನ ಬೆಳಗ್ಗೆ ನೀರು ಇಳಿದ ಮೇಲೆ ಬದುಕಿ ಬಂದಿದ್ದರು.

ಅಕ್ಕ ಮೂವರನ್ನೂ ಒಲೆಯ ಹತ್ತಿರ ಕೂರಿಸಿ ಕಂಬಳಿ ಹೊದಿಸಿದಳು. ಲುನ್ದುಪ್ ಕೂರಲಿಲ್ಲ. ಬಾಗಿಲಲ್ಲೇ ನಿಂತು ನಡುಗುತ್ತಿದ್ದ. ಚಳಿಗೋ ಸಿಟ್ಟಿಗೋ ಹೇಳುವುದು ಕಷ್ಟ.

"ಬಂಡೆಗೆ ಬಿಸಿಲು ತಾಗೇ ಇರಲಿಲ್ಲ ಅಬಿ! ನಾನು ಬಂಡೇನೇ ನೋಡ್ಕೊಂಡು ಕೂತಿದ್ದೆ. ಬಿಸಿಲು ಬರೋಕ್ಕೆ ಇನ್ನೂ ಹೊತ್ತಿದೆ ಅಂತ ನಿಧಾನಕ್ಕೆ ತಿಂಡಿ ತಿನ್ನಿಸಿ ಹೊರಡಿಸಿದೆ. ನೀರಿಗಿಳಿದಾಗ ಗಂಟೆ ಹತ್ತು. ಆಗ್ಲೂ ಬಂಡೆ ನೆರಳಲ್ಲೇ ಇತ್ತು!"

"ಹತ್ತು ಗಂಟೆಗೆ ನೆರಳಾ? ಸಾಧ್ಯವೇ ಇಲ್ಲ ಕಣಪ್ಪ. ಎರಡನೇ ಸಲ ಚಹಾ ಕುದಿಯೋ ಹೊತ್ತಿಗೆ ಬಂಡೆ ಪೂರ್ತಿ ಕೆಂಡದ ಹಾಗೆ ಆಗುತ್ತೆ. ದಿನಾ ನೋಡ್ತೀನಿ."

"ಎಲ್ಲಿಂದ ನೋಡ್ತೀರಿ?"

ಅಕ್ಕ ಅಡುಗೆಮನೆಯ ಕಿಟಕಿ ತೋರಿಸಿದಳು.

ನನ್ನ ಗಂಡ ಮೂಲೆಯಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ. ಅವನ ಕೈ ನಿಂತಿತು. "ಅತ್ತಿಗೆ," ಅಂದ ಮೆಲ್ಲಗೆ, "ನಮ್ಮ ಕಿಟಕೀಲಿ ಕಾಣೋದು ಬಂಡೆಯ ಈಚೆ ಮುಖ. ಹೊಳೆ ಹತ್ರ ನಿಂತ್ರೆ ಕಾಣೋದು ಆಚೆ ಮುಖ. ಅದಕ್ಕೆ ಬಿಸಿಲು ಬೀಳೋದು ಹತ್ತೂವರೆ ಮೇಲೆ."

"ಮತ್ತೆ ಇಷ್ಟು ವರ್ಷ ನಾನು ಹಿಂಗೇ ಹೇಳ್ತಿದ್ದೆ. ಯಾರೂ ತಪ್ಪು ಅನ್ನಲಿಲ್ಲ?"

"ನಾವು ಬಂಡೆ ನೋಡಿ ದಾಟೋದೇ ಇಲ್ಲ ಅತ್ತಿಗೆ. ಬೆಳಕು ಹರಿಯೋಕ್ಕೆ ಮುಂಚೆನೇ ಎದ್ದು ದಾಟಿಬಿಡ್ತೀವಿ. ಅಭ್ಯಾಸ. ನೀವು ಹೇಳೋದೂ ಅದನ್ನೇ ಅಂದ್ಕೊಂಡಿದ್ವಿ."

ಲುನ್ದುಪ್ ಅವಳ ಮುಖವನ್ನೇ ನೋಡುತ್ತಿದ್ದ. "ಅಬಿ, ನೀವು ಹೊಳೆ ಹತ್ರ ಹೋಗೇ ಇಲ್ವಾ?"

"ಇಲ್ಲ."

"ಲಾಗೆ?"

"ಇಲ್ಲಪ್ಪ."

ಒಂದೇ ಒಲೆಯ ಮುಂದೆ ಅಷ್ಟು ವರ್ಷ ಕೂತಿದ್ದೇನೆ. ಅವಳು ಎಷ್ಟು ಉಪ್ಪು ಹಾಕುತ್ತಾಳೆ, ಯಾವ ಮಗ್ಗುಲಿಗೆ ಮಲಗುತ್ತಾಳೆ ಎಲ್ಲ ಗೊತ್ತು. ಅವಳು ಲಾಗೆ ಹೋಗಿಯೇ ಇಲ್ಲ ಎನ್ನುವುದು ಮಾತ್ರ ಗೊತ್ತಿರಲಿಲ್ಲ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಆಮೇಲೆ ಯಾಕೆ ಹೋಗಲಿಲ್ಲ ಎಂದು ಕೇಳಿದೆ. ಅವಳು ಯೋಚಿಸಿ ಹೇಳಿದಳು: "ಹತ್ತೊಂಬತ್ತಕ್ಕೆ ಈ ಮನೆಗೆ ಬಂದೆ. ಬೇಸಗೇಲಿ ಬರೋರು ಹೋಗೋರಿಗೆ ಒಲೆ ಮುಂದೆ ಯಾರಾದ್ರೂ ಇರ್ಬೇಕಲ್ಲ. ಚಳಿಗಾಲಕ್ಕೆ ಲಾ ಮುಚ್ಚಿಬಿಡುತ್ತೆ. ಬೇಡ ಅಂತ ಯಾರೂ ಅನ್ನಲಿಲ್ಲ ಪುತಿತ್. ಬಾ ಅಂತನೂ ಯಾರೂ ಅನ್ನಲಿಲ್ಲ."

ಸುದ್ದಿ ಒಂದೇ ದಿನದಲ್ಲಿ ಕಣಿವೆಯ ಕೆಳತುದಿ ಮುಟ್ಟಿತು. ನಮ್ಮ ಜನಕ್ಕೆ ಬೇರೇನು ಕೆಲಸ? ಬೀಸುಕಲ್ಲಿನ ಹತ್ತಿರ, ಕಾಲುವೆಯ ಹತ್ತಿರ ಅದೇ ಮಾತು, ಅದೇ ನಗು. ಕಾಣದ ದಾರಿಗೆ ನಲವತ್ತು ವರ್ಷ ಜನರನ್ನು ಕಳಿಸಿದಳಂತೆ! ಗೈಡುಗಳು ನಮ್ಮ ಬಾಗಿಲ ಮುಂದೆ "ಜುಲೆ ಅಬಿ" ಎಂದು ಕೈಯೆತ್ತಿ, ಒಳಗೆ ಬಾರದೆ ಸಾಗತೊಡಗಿದರು. ಅಕ್ಕ ಏಪ್ರಿಕಾಟ್ ಬೀಜಗಳನ್ನೆಲ್ಲ ಬಳಿದು ಡಬ್ಬಿಗೆ ತುಂಬಿದಳು. ಆಗಲೂ ದಾರಿ ಕೇಳಿ ಬಂದವರು ಒಬ್ಬರೋ ಇಬ್ಬರೋ ಇದ್ದರು. ಅವರಿಗೆ ಕೈಮುಗಿದು, "ನಂಗೆ ಗೊತ್ತಿಲ್ಲ, ನಾನು ಹೋಗಿಲ್ಲ," ಎಂದಳು. ಅವಳು ಹಾಗೆ ಕೈಮುಗಿದದ್ದನ್ನು ಕಂಡು ನನಗೆ ಅಳು ಬಂತು.

ಕೊನೆಗೆ ಒಂದು ಸಂಜೆ ಹಿಟ್ಟು ನಾದುತ್ತಾ ಅವಳೇ ಹೇಳಿದಳು: "ಲಾಗೆ ಹೋಗ್ತೀನಿ. ನನ್ನ ಕಾಲ ಮೇಲೆ ಹತ್ತಿ ನೋಡಿ ಬಂದ್ರೆ ಮತ್ತೆ ದಾರಿ ಹೇಳ್ತೀನಿ. ಆಗಲಿಲ್ಲ ಅಂದ್ರೆ ಸಾಯೋವರೆಗೂ ಒಬ್ಬರಿಗೂ ಬಾಯಿ ಬಿಡಲ್ಲ."

ಇದನ್ನು ಕೇಳಿ ಊರಿನ ಮುಖಂಡ ಗೋಬಾ ನಮ್ಮ ಮನೆಗೇ ಬಂದ. "ಕುನ್ಜೆಸ್, ಏಣಿ ಇಳಿಯೋವಾಗ ನಿನ್ನ ಮಂಡಿ ಕಟಕಟ ಅನ್ನೋದು ನಮ್ಮನೆವರೆಗೂ ಕೇಳುತ್ತೆ. ನೀನು ಹೊಳೆ ಮುಟ್ಟಿದ್ರೂ ನಾನು ಗಡ್ಡ ಬೋಳಿಸ್ತೀನಿ."

"ಇರೋದೇ ಏಳು ಕೂದ್ಲು. ಈಗ್ಲೇ ಬೋಳಿಸ್ಕೊಂಡು ಹೋಗು, ಆಮೇಲೆ ಕತ್ತರಿ ಸಿಗಲ್ಲ," ಎಂದೆ ನಾನು.

ಕೊಯ್ಲು ಮುಗಿದು ಒಕ್ಕಣೆ ಶುರುವಾಗುವ ನಡುವೆ ನಮಗೆ ಹತ್ತು ಹನ್ನೊಂದು ದಿನ ಬಿಡುವು. ಆ ಹೊತ್ತಿಗೆ ಹೊಸ ಹಿಮ ಬಿದ್ದಿರುವುದಿಲ್ಲ, ಹೊಳೆಯೂ ಸ್ವಲ್ಪ ಇಳಿದಿರುತ್ತದೆ. ಅಕ್ಕ ಆ ದಿನಗಳನ್ನೇ ಹಿಡಿದಳು. ಆಮೇಲೆ ಬೀಜದ ಡಬ್ಬಿ ತಂದು ನನ್ನ ಮುಂದಿಟ್ಟು, ಯಾವಾಗಲೂ ಹೊರಗಿನವರು ಕೂರುವ ಕಡೆ ತಾನು ಹೋಗಿ ಕೂತಳು.

"ನೀನು ಕೇಳು," ಅಂದಳು.

"ನಾನಾ? ಏನು ಕೇಳ್ಲಿ?"

"ಬೂಟು ನೋಡು. ಏಣಿ ಹತ್ತಿಸು. ಎಲ್ರಿಗೂ ಮಾಡೋದನ್ನ ನಂಗೂ ಮಾಡು. ಅಕ್ಕ ಅಂತ ಮುಖ ನೋಡಿ ಬಿಡಬೇಡ."

ಬಿಡುವವಳೇ ನಾನು? ಅವಳ ಕಂಬಳಿ ಬೂಟಿನ ಹಿಮ್ಮಡಿ ಸವೆದಿತ್ತು, ಇದು ನಡೆಯುವುದಿಲ್ಲ ಎಂದೆ. ಏಣಿ ಹತ್ತಿಸಿದೆ. ಇಳಿದು ಬಂದಾಗ ನಿಮ್ಮ ಮನೆಯಲ್ಲಿ ಯಾರು ಯಾರಿದ್ದಾರೆ ಎಂದು ಕೇಳಿದೆ. "ಮೈದುನ... ಪುತಿತ್..." ಎನ್ನುವಷ್ಟರಲ್ಲಿ ಉಸಿರು ಸಿಕ್ಕಿಕೊಂಡಿತು. ಮುಂದಿನ ಹೆಸರು ಬರಲಿಲ್ಲ. ಹೆಸರು ಹೇಳಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ ಎಂಬುದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಅವಳೇ ಮೊದಲು ನಕ್ಕಳು.

"ನಾಲ್ಕು ರಾತ್ರಿ," ಅಂದೆ.

"ಮೂರು ಸಾಕು. ಝೋಗಳ ಮೇವು, ನಿನ್ನ ಗಂಡನ ಊಟ, ಸುಮ್ನೆ ಒಂದು ದಿನ ಯಾಕೆ?"

"ಬಂದೋರು ಹೇಳಿದ್ದು ಕೇಳ್ಬೇಕು. ನಾಲ್ಕು."

ಗೈಡಾಗಿ ಲುನ್ದುಪ್ ತಾನಾಗಿಯೇ ಬಂದ. ಅಂದು ಕೂಗಾಡಿದ್ದಕ್ಕೆ ನಾಚಿಕೆಪಟ್ಟು ತಲೆ ತಗ್ಗಿಸಿ ನಿಂತಿದ್ದ. ಅಕ್ಕ ಅವನ ಕೈಗೆ ಹುರಿಹಿಟ್ಟಿನ ಚೀಲ ಕೊಟ್ಟು, "ದಾರೀಲಿ ನಾನು ಅಬಿ ಅಲ್ಲ. ನೀನು ಗೈಡು, ನಾನು ಬಂದೋಳು. ನೀನು ನಿಲ್ಲು ಅಂದ್ರೆ ನಿಲ್ತೀನಿ," ಎಂದಳು. ನಾನು ಎರಡು ಝೋಗಳ ಹಿಂದೆ ಹೊರಟೆ. ಮನೆ ನೋಡಿಕೊಳ್ಳಲು ನನ್ನ ಗಂಡ ಉಳಿದ. ಅಂದರೆ ಮನೆ ನೋಡಿಕೊಳ್ಳಲು ಯಾರೂ ಉಳಿಯಲಿಲ್ಲ.

ಮೊದಲ ದಿನ ಅವಳು ನಡೆದದ್ದಕ್ಕಿಂತ ನಿಂತದ್ದೇ ಹೆಚ್ಚು. ನಿಂತು ನಿಂತು ನೋಡುತ್ತಿದ್ದಳು. ಮಳೆಗೆ ಇಬ್ಬರು ಕೂರುವ ಬಂಡೆ ಬಂದಾಗ ಝೋವನ್ನು ನಿಲ್ಲಿಸಿ, ಹಿಂದೆ ಹೋಗಿ ಕೂತಳು. ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡಳು. ಹೊಸ್ತಿಲಷ್ಟೇ ಜಾಗ. ಇಬ್ಬರಿಗೆ ಸರಿಯಾಯಿತು. ಅವಳು ಬಂಡೆಯನ್ನು ಅಂಗೈಯಿಂದ ಸವರಿ, "ಇದೆ," ಅಂದಳು. ಅಷ್ಟೇ. ಎಷ್ಟು ಜನರ ಬಾಯಿಂದ ಕೇಳಿ, ಕಣ್ಣಿಗೆ ಕಾಣದ ಈ ಬಂಡೆಯನ್ನು ಅಂಗುಲ ತಪ್ಪದೆ ಅವಳು ತಲೆಯೊಳಗೆ ಕಟ್ಟಿಕೊಂಡಿದ್ದಳು! ನಾನು ಹನ್ನೊಂದು ಸಲ ಅದರ ಪಕ್ಕದಲ್ಲೇ ಹೋಗಿದ್ದೆ. ಅದರ ಹಿಂದೆ ಜಾಗವಿದೆ ಎಂದು ನಾನು ನೋಡಿದ್ದು ಆವತ್ತೇ.

ಮೂರನೇ ದಿನ ನಸುಕಿನಲ್ಲಿ ಹೊಳೆ ದಾಟಿದೆವು. ನೀರು ಮೊಣಕಾಲಿಗಿಂತ ಕೆಳಗೆ, ಹಾಲು ತೊಳೆದ ಬಣ್ಣ, ಕಾಲು ಮರಗಟ್ಟುವ ಚಳಿ. ಆಚೆ ದಡದಲ್ಲಿ ಅಕ್ಕ ಕೂತುಬಿಟ್ಟಳು.

"ನಡೀರಿ, ಮೇಲೆ ಹತ್ತೋದಿದೆ," ಅಂದ ಲುನ್ದುಪ್.

"ಬಂಡೆಗೆ ಬಿಸಿಲು ತಾಗೋದನ್ನ ನೋಡ್ಬೇಕು. ಗೈಡು ಒಪ್ಪಿದ್ರೆ."

ಗೈಡು ಒಪ್ಪಿದ. ಕೂತೆವು. ಕೆಂಬಂಡೆ ನಮ್ಮ ತಲೆಯ ಮೇಲೆ ನೆರಳಲ್ಲಿ ಕಪ್ಪಗೆ ನಿಂತಿತ್ತು. ಎಂಟಾಯಿತು, ಒಂಬತ್ತಾಯಿತು. ಹೊಳೆಯ ಸದ್ದು ಬದಲಾಯಿತು. ಮೊದಲು ಹರಿಯುವ ಸದ್ದಿತ್ತು. ಆಮೇಲೆ ಅದರ ಕೆಳಗಿಂದ ಇನ್ನೊಂದು ಸದ್ದು ಎದ್ದಿತು. ನೀರಿನಡಿಯಲ್ಲಿ ಕಲ್ಲುಗಳು ಉರುಳಿ ಒಂದಕ್ಕೊಂದು ಗುರುಗುಟ್ಟುತ್ತಿದ್ದವು. ಕೂತ ನೆಲವೇ ಅದುರತೊಡಗಿತು. ನಾವು ಬೆಳಗ್ಗೆ ಕಾಲಿಟ್ಟು ಬಂದ ಕಲ್ಲುಗಳು ಒಂದೊಂದಾಗಿ ಮುಳುಗಿದವು. ಹತ್ತೂವರೆಗೆ ಬಂಡೆಯ ನೆತ್ತಿಗೆ ಬಿಸಿಲು ತಾಗಿ ಕೆಂಪು ಇಳಿಯುತ್ತ ಬಂತು. ಅಷ್ಟು ಹೊತ್ತಿಗೆ ಹೊಳೆಗೆ ಇಳಿದವನು ಉಳಿಯುವಂತಿರಲಿಲ್ಲ.

"ಆ ಹುಡುಗ ಇದ್ರಲ್ಲಿ ನಿಂತಿದ್ನಾ?"

"ಸೊಂಟದವರೆಗೆ. ಅವನ ಭಾವ ಬೆಲ್ಟು ಹಿಡಿದು ಎಳ್ದ."

ಅಕ್ಕ ಎದ್ದು, ಹೊಳೆಗೆ ಮುಖ ಮಾಡಿ, ಮೂರು ಸಲ ನೆಲಕ್ಕೆ ಹಣೆಯಿಟ್ಟಳು. ಮೂರನೇ ಸಲ ಏಳಲು ತುಂಬ ಹೊತ್ತು ತೆಗೆದುಕೊಂಡಳು. ನಾವು ಎಬ್ಬಿಸಲು ಹೋಗಲಿಲ್ಲ.

ಲಾದ ಬುಡದಲ್ಲಿ ಮೂರನೇ ರಾತ್ರಿ ಕಳೆದು, ನಾಲ್ಕನೇ ದಿನ ಹತ್ತಲು ಹೊರಟೆವು. ಅವಳ ಮಂಡಿ ಊದಿತ್ತು. ಹತ್ತು ಹೆಜ್ಜೆ ಇಟ್ಟು ನಿಲ್ಲುವಳು, ಮತ್ತೆ ಹತ್ತು ಹೆಜ್ಜೆ. ಝೋ ಮೇಲೆ ಕೂರು ಎಂದೆ. "ದಾರಿ ಝೋಗೆ ಗೊತ್ತಾದ್ರೆ ಸಾಲದು," ಅಂದಳು. ಲಾದ ನೆತ್ತಿಗೆ ಕಟ್ಟಿದ ಮಂತ್ರದ ಬಾವುಟಗಳು ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದೆವು. ಇನ್ನು ಮುನ್ನೂರು ಹೆಜ್ಜೆ ಇರಬಹುದು. ಆಗ ಲುನ್ದುಪ್ ನಿಂತ. ಸೂರ್ಯ ನೆತ್ತಿಗೆ ಬಂದಿದ್ದ. ಪಶ್ಚಿಮದಿಂದ ಬಿಳಿ ಮೋಡ ಉರುಳಿ ಬರುತ್ತಿತ್ತು. ಹೊತ್ತು ನೆತ್ತಿಗೆ ಬಂದ ಮೇಲೆ ಲಾ ಹತ್ತಬಾರದು, ಒಂದೇ ಹೆಜ್ಜೆ ಉಳಿದಿದ್ದರೂ ಇಳಿದುಬಿಡಬೇಕು. ಈ ಮಾತನ್ನು ನಮ್ಮ ಕಣಿವೆಯ ಪ್ರತಿ ಗೈಡಿನ ತಲೆಗೆ ಹೊಡೆದು ತುಂಬಿದವಳು ಅಕ್ಕನೇ.

ಲುನ್ದುಪ್‌ನ ದೃಷ್ಟಿ ಮೋಡದಿಂದ ಬಾವುಟಕ್ಕೆ, ಬಾವುಟದಿಂದ ಮೋಡಕ್ಕೆ ಹೋಯಿತು. ಕಣ್ಣು ಪಿಳಿಪಿಳಿ ಬಿಡುತ್ತ ನನ್ನನ್ನು ನೋಡಿದ.

"ಹೇಳಪ್ಪ," ಅಂದಳು ಅಕ್ಕ.

"ಅಬಿ... ಇಳೀಬೇಕು."

ಅವಳು ಬಾವುಟಗಳನ್ನು ಒಂದು ಸಲ ನೋಡಿದಳು. ತಿರುಗಿದಳು. ವಾದ ಮಾಡಲಿಲ್ಲ, ಇನ್ನೊಂದು ಹತ್ತು ಹೆಜ್ಜೆ ಎಂದು ಗೋಗರೆಯಲಿಲ್ಲ. ನಲವತ್ತು ವರ್ಷ ಕಾದವಳು ಮುನ್ನೂರು ಹೆಜ್ಜೆ ಬಿಟ್ಟು ಇಳಿದಳು. ನನ್ನಿಂದ ಆಗುತ್ತಿರಲಿಲ್ಲ, ಖಂಡಿತ ಆಗುತ್ತಿರಲಿಲ್ಲ. ಅರ್ಧ ಗಂಟೆಯೊಳಗೆ ಲಾ ಮೋಡದಲ್ಲಿ ಮುಳುಗಿ, ಡೇರೆಯ ಮೇಲೆ ಆಲಿಕಲ್ಲು ಚಟಪಟ ಬಡಿಯಿತು. ಒಳಗೆ ಅವಳ ಮಂಡಿಗೆ ಬೆಣ್ಣೆ ತಿಕ್ಕುತ್ತ ನಾನು ಏನೇನೋ ಬೈದೆ. ಮೋಡವನ್ನೋ ಲುನ್ದುಪ್‌ನನ್ನೋ ನನಗೇ ತಿಳಿಯದು.

"ನಾಲ್ಕನೇ ರಾತ್ರಿ ಇಟ್ಟಿದ್ದು ನೀನೇ," ಅಂದಳು ಅವಳು. "ಒಳ್ಳೇದು ಮಾಡ್ದೆ."

ಮರುದಿನ ಆಕಾಶ ತೊಳೆದಿಟ್ಟ ಹಾಗಿತ್ತು. ಕತ್ತಲಿರುವಾಗಲೇ ಹೊರಟು, ಐದೈದು ಹೆಜ್ಜೆಗೆ ನಿಂತು, ಒಂಬತ್ತು ಗಂಟೆಗೆ ಯುರ್ಮೊ ಲಾದ ಮೇಲೆ ಕಾಲಿಟ್ಟೆವು.

ಅಲ್ಲಿ ಮುಟ್ಟಿದವರು "ಕಿ ಕಿ ಸೋ ಸೋ, ದೇವರಿಗೆ ಜಯ" ಎಂದು ಕೂಗಬೇಕು. ಲುನ್ದುಪ್ ಕೂಗಿದ, ನಾನು ಕೂಗಿದೆ. ಅಕ್ಕ ಕೂಗಲಿಲ್ಲ. ಎರಡೂ ಕೈ ಬಿಚ್ಚಿಕೊಂಡು ನಿಂತಿದ್ದಳು. ಮುಂದೆ ಬೆಟ್ಟ, ಅದರ ಹಿಂದೆ ಬೆಟ್ಟ, ಅದರ ಹಿಂದೆ ಇನ್ನೂ ಬೆಟ್ಟ. ಕೆಂಪು, ನೇರಳೆ, ಬೂದಿ, ಆಮೇಲೆ ಬರೀ ಬಿಳಿ. ಎಲ್ಲಿ ಹಿಮ ಮುಗಿಯಿತು, ಎಲ್ಲಿ ಆಕಾಶ ಶುರುವಾಯಿತು ಎನ್ನುವುದೇ ತಿಳಿಯದು. ಗಾಳಿ ಒಂದು ಕ್ಷಣ ನಿಂತಾಗ ಕಿವಿಯೊಳಗೆ ನಮ್ಮದೇ ರಕ್ತ ಓಡುವುದು ಕೇಳುತ್ತಿತ್ತು. ನಾನು ಯಾವತ್ತೂ ಇಲ್ಲಿ ಝೋಗಳ ಬಾಲ ನೋಡಿಕೊಂಡು ದಾಟಿದವಳು. ಅವಳ ಪಕ್ಕ ನಿಂತು ಮೊದಲ ಸಲ ಮುಂದಕ್ಕೆ ತಲೆಯೆತ್ತಿ ನೋಡಿದೆ. ನಾವು ಎಷ್ಟು ಚಿಕ್ಕವರು, ಇಷ್ಟು ಚಿಕ್ಕವರಿಗೆ ಇಷ್ಟು ದೊಡ್ಡದನ್ನು ನೋಡುವ ಕಣ್ಣು ಯಾರು ಕೊಟ್ಟರು ಅನ್ನಿಸಿತು.

"ಎಲ್ರೂ ಸುಳ್ಳು ಹೇಳಿದ್ದೀರಿ," ಅಂದಳು ಅಕ್ಕ.

"ಏನಂತ?"

"ಚೆನ್ನಾಗಿದೆ ಅಂತ."

"ಯಾಕೆ, ಚೆನ್ನಾಗಿಲ್ವಾ?"

"ಇದಕ್ಕೆ ಚೆನ್ನಾಗಿದೆ ಅಂತಾರೇನೇ?" ಕಣ್ಣೀರು ಕೆನ್ನೆಯ ಸುಕ್ಕಿನಲ್ಲಿ ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ.

ತುಂಬ ಹೊತ್ತಾದ ಮೇಲೆ ಅವಳು ಬಂದ ದಾರಿಯ ಕಡೆ ತಿರುಗಿದಳು. ದೂರ ಕೆಳಗೆ, ಬೂದಿ ಬಣ್ಣದ ಕಣಿವೆಯ ತಳದಲ್ಲಿ, ಉಗುರಿನಷ್ಟು ಹಳದಿ ತುಂಡು ಕಾಣುತ್ತಿತ್ತು.

"ಅದು ಯಾವೂರು?"

"ಯಾವೂರು ಅಂದ್ರೆ? ನಮ್ದೇ. ಕೊಯ್ದ ಬಾರ್ಲಿ ಗದ್ದೆ ಅದು."

"ಇಲ್ಲಿಂದ ನಮ್ಮೂರು ಕಾಣುತ್ತಾ?"

"ಮಾಳಿಗೆ ಮೇಲಿಂದ ಲಾ ಕಾಣ್ಸಲ್ವಾ ಅಕ್ಕ? ಅಲ್ಲಿಂದ ಇದು ಕಂಡ್ರೆ ಇಲ್ಲಿಂದ ಅದು ಕಾಣ್ದೆ ಇರುತ್ತಾ?" ಎಂದು ನಾನು ನಕ್ಕೆ. ಆಮೇಲೆ ಮಾತು ತಾನಾಗಿ ಬಂತು. "ಮನೆ ಬಿಡಿಬಿಡಿಯಾಗಿ ಕಾಣಲ್ಲ. ನಿನ್ನ ಹೊಗೆ ಮಾತ್ರ ಚೆನ್ನಾಗಿ ಕಾಣುತ್ತೆ."

"ಯಾವ ಹೊಗೆ?"

"ನೀನು ಮಾಳಿಗೆ ಮೇಲೆ ಹಾಕ್ತೀಯಲ್ಲ, ಶುಕ್ಪಾ ಧೂಪ. ಬೆಟ್ಟದ ದೇವ್ರಿಗೆ."

ಹೌದು. ಯಾರಿಗೆ ಯಾವ ದಿನ ಎಲ್ಲಿ ರಾತ್ರಿ ಎಂದು ಅವಳೇ ಗೊತ್ತುಮಾಡಿದ್ದರಿಂದ, ಯಾರು ಯಾವ ಬೆಳಗ್ಗೆ ಲಾದ ಮೇಲಿರುತ್ತಾರೆ ಎಂಬುದೂ ಅವಳಿಗೆ ಗೊತ್ತಿತ್ತು. ಆ ಬೆಳಗ್ಗೆ ಹಸಿ ಶುಕ್ಪಾ ಸೊಪ್ಪು ಎರಡು ಹಿಡಿ ಜಾಸ್ತಿ ಹಾಕಿ ಧೂಪ ಎಬ್ಬಿಸುತ್ತಿದ್ದಳು. ಅದು ದೇವರಿಗೆ ಎಂದು ಅವಳು ತಿಳಿದಿದ್ದಳು. ಇಲ್ಲಿ ನಿಂತ ನಾವೆಲ್ಲ ದಾಟುವ ಮುಂಚೆ ಒಮ್ಮೆ ತಿರುಗಿ ಅದನ್ನೇ ನೋಡುತ್ತಿದ್ದೆವು. ಹೊಗೆ ನೆಟ್ಟಗಿದ್ದರೆ ದಾಟುವುದು. ಎಡಕ್ಕೆ ಮಲಗಿದ್ದರೆ ಗಾಳಿ ಬರುತ್ತಿದೆ ಎಂದರ್ಥ, ಬಂಡೆಯ ಮರೆಯಲ್ಲಿ ಕಾಯುವುದು. ಕಲಿಸಿದವನು ಮುತುಪ್ ಭಾವ. ಅವನಂತೂ ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ನಿಂತಿರುತ್ತಿದ್ದ. ಹೆಂಡತಿಯ ಹೊಗೆ ನೋಡಿದ್ದು ಸಾಕು, ನಡಿ ಭಾವ ಎಂದು ನಾನೇ ಎಷ್ಟೋ ಸಲ ರೇಗಿಸಿದ್ದೆ. ಇದನ್ನೆಲ್ಲ ಅವಳಿಗೆ ಹೇಳಿದೆ.

"ಮನೆಗೆ ಬಂದ್ರೆ ಎಲ್ಲ ಕೇಳ್ತಿದ್ದೆ," ಅಂದಳು ಅಕ್ಕ. "ಗಾಳಿ, ಹಿಮ, ಕಲ್ಲು, ಎಲ್ಲ ಹೇಳ್ದ. ಇದನ್ನ ಹೇಳಲಿಲ್ಲ."

"ನಿಂಗೆ ಗೊತ್ತಿದೆ ಅಂದ್ಕೊಂಡಿದ್ವಿ."

ಅವಳು ಆ ಹಳದಿ ತುಂಡನ್ನೇ ನೋಡುತ್ತಿದ್ದಳು. ಅವತ್ತು ಅಲ್ಲಿ ಹೊಗೆಯಿರಲಿಲ್ಲ. ನನ್ನ ಗಂಡ ಇನ್ನೂ ಹೊದ್ದು ಮಲಗಿದ್ದಿರಬೇಕು. ಹನ್ನೆರಡು ಸಲದಲ್ಲಿ ಹೊಗೆಯಿಲ್ಲದ ಊರನ್ನು ಲಾದಿಂದ ನಾನು ನೋಡಿದ್ದು ಅದೇ ಮೊದಲು. ಯಾರೂ ಇಲ್ಲದ ಜಾಗದ ಹಾಗಿತ್ತು.

"ಬರೋ ವರ್ಷ ನೀನು ಮನೇಲಿರು ಪುತಿತ್," ಅಂದಳು ಅವಳು. "ನೀನು ಧೂಪ ಹಾಕು. ನಾನು ಇಲ್ಲಿ ನಿಂತು ನೋಡ್ಬೇಕು."

ಊರಿಗೆ ಬಂದ ಮೇಲೆ ಅಕ್ಕ ಮತ್ತೆ ದಾರಿ ಹೇಳತೊಡಗಿದಳು, ಗೈಡುಗಳು ಮತ್ತೆ ಬಂದು ಕೂತರು. ಈಗ ಅವಳು ಬಂಡೆಯ ಮಾತೆತ್ತುವುದಿಲ್ಲ. "ಹೊಳೆ ಹತ್ರ ಬಾಯಿ ಮುಚ್ಚಿ ಕೇಳಿ. ಅಡಿಯಲ್ಲಿ ಕಲ್ಲು ಗುರುಗುಟ್ಟಿದ್ರೆ ಕಾಲಿಡಬೇಡಿ," ಎನ್ನುತ್ತಾಳೆ.

ಮಾರನೇ ವರ್ಷ ಕೊಯ್ಲಿನ ನಂತರ ಅವಳು ಲುನ್ದುಪ್ ಜೊತೆ ಹೊರಟಳು. ನಾನು ಮನೆಯಲ್ಲಿ ಉಳಿದೆ. ನಾಲ್ಕು ರಾತ್ರಿ ಎಣಿಸಿ, ಐದನೇ ದಿನ ಬೆಳಗ್ಗೆ ಮಾಳಿಗೆ ಹತ್ತಿ ಶುಕ್ಪಾ ಹಾಕಿದೆ. ಹೊಗೆ ನೆಟ್ಟಗೆ ಎದ್ದಿತು. ಲಾದ ಕಡೆ ನೋಡಿದೆ. ಬರಿಯ ಕಿಂಡಿ. ಅಲ್ಲಿ ಅವಳು ನಿಂತಿದ್ದಾಳೋ, ಮುನ್ನೂರು ಹೆಜ್ಜೆ ಕೆಳಗೆ ಮಂಡಿ ಹಿಡಿದು ಕೂತಿದ್ದಾಳೋ, ಹೊಳೆಯಲ್ಲೇ ಏನಾದರೂ ಆಯಿತೋ, ಇಲ್ಲಿಂದ ಒಂದೂ ಕಾಣುವುದಿಲ್ಲ. ಕೂಗಿದರೆ ಕೇಳುವುದಿಲ್ಲ. ಸೊಪ್ಪು ಉರಿದು ಮುಗಿಯಿತು. ಕೆಳಗಿಳಿಯಲು ಕಾಲು ಬರಲಿಲ್ಲ. ಇನ್ನೊಂದು ಹಿಡಿ ಹಾಕಿದೆ, ಅದು ಮುಗಿಯಿತೆಂದು ಮತ್ತೊಂದು ಹಿಡಿ. ಚಹಾ ಎಲ್ಲಿ ಎಂದು ಕೆಳಗಿಂದ ನನ್ನ ಗಂಡ ಕೂಗುತ್ತಲೇ ಇದ್ದ.